ತೊಡಕು ಎಲ್ಲಿದೆ? ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವ ಬಗೆ

ನಾನು 19 ವರ್ಷಗಳಿಂದ ಅನುವಾದದ ಕೆಲಸ ಮಾಡುತ್ತಿದ್ದೇನೆ. ಯಂತ್ರಗಳ ಕೈಪಿಡಿ, ವಿಮೆಯ ಕಾಗದಪತ್ರ, ಆಸ್ಪತ್ರೆಯ ಒಪ್ಪಿಗೆ ಪತ್ರ, ಪ್ರದರ್ಶನಗಳ ಕರಪತ್ರ, ಹೀಗೆ. ಇಂಗ್ಲಿಷಿನಿಂದ ಕನ್ನಡಕ್ಕೆ ಜಾಸ್ತಿ, ಕನ್ನಡದಿಂದ ಇಂಗ್ಲಿಷಿಗೆ ಆಗಾಗ. ದಿನವಿಡೀ ಅರ್ಥವಾಗದ ಬರಹಗಳ ಜೊತೆಯಲ್ಲೇ ಇರುವುದರಿಂದ, 'ಇದು ಅರ್ಥವಾಗುತ್ತಿಲ್ಲ' ಎಂದು ಹೇಳುವ ಇಂಗ್ಲಿಷ್ ಪದಗಳು ನನಗೆ ಬಹಳ ಬೇಕಾಗುತ್ತವೆ. ಅವುಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಕೂಡ ಇದೆ. ಆ ನೋಟ್‌ಬುಕ್ ಶುರುವಾದ ಕಥೆ ಮೊದಲು ಹೇಳುತ್ತೇನೆ.

ಕೆಲಸಕ್ಕೆ ಇಳಿದ ಹೊಸದರಲ್ಲಿ, ಮರದ ಕೆತ್ತನೆ ಮಾಡುವ ಕಲಾವಿದರೊಬ್ಬರ ಕರಪತ್ರವನ್ನು ಇಂಗ್ಲಿಷಿಗೆ ಮಾಡಿಕೊಟ್ಟಿದ್ದೆ. ಕನ್ನಡದಲ್ಲಿ 'ಜಟಿಲವಾದ ಕುಸುರಿ ಕೆಲಸ' ಎಂದಿತ್ತು. ನಿಘಂಟು ತೆಗೆದೆ. ಜಟಿಲ ಎಂಬುದರ ಎದುರು ಕಾಂಪ್ಲೆಕ್ಸ್, ಕಾಂಪ್ಲಿಕೇಟೆಡ್, ಇಂಟ್ರಿಕೇಟ್, ಕಾನ್ವಲೂಟೆಡ್ ಎಂದು ನಾಲ್ಕು ಪದ ಸಾಲಾಗಿ ನಿಂತಿದ್ದವು. ನಾಲ್ಕೂ ಒಂದೇ ಅಂದುಕೊಂಡೆ. ಕೊನೆಯದು ಕೇಳಲು ಗಂಭೀರವಾಗಿತ್ತು, ಅದನ್ನೇ ಹಾಕಿದೆ. 'ಕಾನ್ವಲೂಟೆಡ್ ಕಾರ್ವಿಂಗ್ಸ್' ಎಂದು ಅಚ್ಚೂ ಆಯಿತು. ಎರಡು ದಿನ ಬಿಟ್ಟು ಆ ಹಿರಿಯರು ಫೋನ್ ಮಾಡಿದರು. ಕೋಪ ಇರಲಿಲ್ಲ. ಮೆಲ್ಲಗೆ ಕೇಳಿದರು: "ಮೇಡಂ, ನನ್ನ ಕೆತ್ತನೆ ಅಷ್ಟು ಗೋಜಲಾಗಿದೆಯಾ?" ನೋಡಲು ಬಂದವರೊಬ್ಬರು ಆ ಪದದ ಅರ್ಥವನ್ನು ಅವರಿಗೆ ಬಿಡಿಸಿ ಹೇಳಿದ್ದರಂತೆ.

ಅವರ ಕೆತ್ತನೆ ಅದ್ಭುತವಾಗಿತ್ತು. ನಾನು ಬರೆಯಬೇಕಾಗಿದ್ದು 'ಇಂಟ್ರಿಕೇಟ್'. ಇಂಟ್ರಿಕೇಟ್ ಎಂದರೆ ಸೂಕ್ಷ್ಮ ಕೈಕೆಲಸಕ್ಕೆ ಸಲ್ಲುವ ಮೆಚ್ಚುಗೆ. ಕಾನ್ವಲೂಟೆಡ್ ಎಂದರೆ ಬೇಕಿಲ್ಲದೆ ಸುತ್ತಿ ಬಳಸಿ ಕೆಡಿಸಿದ್ದು ಎಂಬ ದೂರು. ನಿಘಂಟಿನಲ್ಲಿ ಅಕ್ಕಪಕ್ಕ ಇರುವ ಎರಡು ಪದಗಳಲ್ಲಿ ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ನಿಘಂಟು ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವತ್ತಿನಿಂದ ಪದ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ತೊಡಕು ಎಲ್ಲಿದೆ? ಆ ವಸ್ತುವಿನ ಒಳಗೇ ಇದೆಯಾ? ಅದನ್ನು ಹೇಳಿದ ರೀತಿಯಲ್ಲಿದೆಯಾ? ಯಾರೋ ಬೇಕೆಂದು ಮುಚ್ಚಿಟ್ಟಿದ್ದಾರಾ? ಇಲ್ಲಾ, ತೊಡಕು ನನ್ನ ತಲೆಯಲ್ಲಿದೆಯಾ? ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ. ಜಾಗ ತಪ್ಪಿದರೆ ತಪ್ಪು ಯಾರದ್ದು ಎಂಬುದೂ ತಪ್ಪಿಹೋಗುತ್ತದೆ.

ಮಡಿಕೆ ಮತ್ತು ಹೆಣಿಗೆ

ತೊಡಕು ವಸ್ತುವಿನ ಒಳಗೇ ಇದ್ದಾಗ ಮೊದಲು ಬರುವ ಪದಗಳು ಎರಡು, ಕಾಂಪ್ಲಿಕೇಟೆಡ್ ಮತ್ತು ಕಾಂಪ್ಲೆಕ್ಸ್. ಇವೆರಡನ್ನೂ ಒಂದೇ ಎಂದು ಬಳಸುವವರೇ ಜಾಸ್ತಿ. ಮಾತಿನಲ್ಲಿ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಬರಹದಲ್ಲಿ ಮಾತ್ರ ವ್ಯತ್ಯಾಸ ಗೊತ್ತಿರಲೇಬೇಕು ಅನ್ನಿಸುತ್ತದೆ ನನಗೆ.

ಕಾಂಪ್ಲಿಕೇಟೆಡ್ ಪದದ ಒಳಗೆ ಲ್ಯಾಟಿನ್ನಿನ ಪ್ಲಿಕಾರೆ ಇದೆ. ಅಂದರೆ ಮಡಿಸು. ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಹಾಕಿ ಇಟ್ಟ ಹಾಗೆ. ಕಾಂಪ್ಲೆಕ್ಸ್ ಪದದ ಒಳಗಿರುವುದು ಪ್ಲೆಕ್ಟೆರೆ. ಅಂದರೆ ಹೆಣೆ. ಜಡೆ ಹೆಣೆದ ಹಾಗೆ, ಬುಟ್ಟಿ ಹೆಣೆದ ಹಾಗೆ. ಮಡಿಸಿದ್ದನ್ನು ತಾಳ್ಮೆಯಿಂದ ಬಿಡಿಸುತ್ತಾ ಹೋದರೆ ಬಟ್ಟೆ ಚಪ್ಪಟೆಯಾಗಿ ಮುಂದೆ ಬೀಳುತ್ತದೆ, ಒಳಗೆ ಏನಿತ್ತು ಎಂದು ಕಾಣುತ್ತದೆ. ಜಡೆಯನ್ನು ಬಿಚ್ಚಿದರೆ ಕೈಯಲ್ಲಿ ಎಳೆಗಳು ಉಳಿಯುತ್ತವೆ, ಜಡೆ ಇರುವುದಿಲ್ಲ.

ಈ ಚಿತ್ರ ನೆನಪಿದ್ದರೆ ಸಾಕು, ಪದ ತಾನಾಗಿ ಬರುತ್ತದೆ. ಕೀಲಿ ಕೊಡುವ ಕೈಗಡಿಯಾರ ಕಾಂಪ್ಲಿಕೇಟೆಡ್. ಬಿಡಿಭಾಗ ನೂರಾರು ಇರಬಹುದು, ಆದರೆ ಬಲ್ಲವರು ಒಂದೊಂದಾಗಿ ಬಿಚ್ಚಿ, ಮತ್ತೆ ಜೋಡಿಸಿ ನಡೆಸುತ್ತಾರೆ. ಗಡಿಯಾರದವರ ಮಾತಿನಲ್ಲಿ 'ಕಾಂಪ್ಲಿಕೇಶನ್' ಎಂಬುದು ಒಂದು ಪಾರಿಭಾಷಿಕ ಪದವೇ ಆಗಿದೆ. ಸಮಯ ತೋರಿಸುವುದಲ್ಲದೆ ತಾರೀಖು, ಚಂದ್ರನ ಕಲೆ ಇಂಥವನ್ನು ತೋರಿಸುವ ಪ್ರತಿ ಹೆಚ್ಚಿನ ಏರ್ಪಾಡಿಗೂ ಅದೇ ಹೆಸರು. ಅವರಲ್ಲಿ ಅದು ಹೆಮ್ಮೆಯ ವಿಷಯ.

ದೊಡ್ಡ ನಗರದ ವಾಹನ ಸಂಚಾರವೋ, ಅದು ಕಾಂಪ್ಲೆಕ್ಸ್. ಒಬ್ಬರ ದಾರಿ ಇನ್ನೊಬ್ಬರ ದಾರಿಯನ್ನು ಬದಲಿಸುತ್ತದೆ. ಹೊಸ ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣದ ಸಮಯವೂ ಹೆಚ್ಚುವ ಸಾಧ್ಯತೆ ಇದೆ ಎಂದು ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಸ್ 1968ರಲ್ಲಿ ತೋರಿಸಿದರು. ಒಂದು ರಸ್ತೆಯನ್ನು ಮಾತ್ರ ಬಿಚ್ಚಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಹವಾಮಾನ, ಇರುವೆಗೂಡು, ಮಾರುಕಟ್ಟೆ, ಮನುಷ್ಯರ ಸಂಬಂಧ, ಇವೆಲ್ಲ ಇದೇ ಗುಂಪಿನವು.

ಇಲ್ಲಿ ಒಂದು ಸಂತೋಷದ ವಿಷಯ ಹೇಳಲೇಬೇಕು. ನಾವು 'ಬಿಡಿಸಿ ಹೇಳು' ಅನ್ನುತ್ತೇವಲ್ವಾ? ಲ್ಯಾಟಿನ್ನಿನ ಎಕ್ಸ್‌ಪ್ಲಿಕಾರೆ ಎಂದರೂ ಅದೇ, ಮಡಿಕೆ ಬಿಡಿಸು. ಎಕ್ಸ್‌ಪ್ಲಿಸಿಟ್ ಬಂದಿದ್ದು ಅಲ್ಲಿಂದ. ಇನ್‌ಎಕ್ಸ್‌ಪ್ಲಿಕಬಲ್ ಎಂದರೆ ಬಿಡಿಸಲು ಆಗದ್ದು. ಸಿಂಪಲ್ ಎಂದರೆ ಒಂದೇ ಮಡಿಕೆಯದ್ದು. ಎರಡು ದೂರದ ಭಾಷೆಗಳು ಒಂದೇ ಬಟ್ಟೆಯನ್ನು ಕೈಯಲ್ಲಿ ಹಿಡಿದು ಯೋಚಿಸಿವೆ. ಇದು ಹೊಳೆದ ದಿನ ನನಗೆ ಆ ಪದಗಳು ಪರಕೀಯ ಅನ್ನಿಸುವುದು ನಿಂತುಹೋಯಿತು.

ಮನುಷ್ಯರ ಬಗ್ಗೆ ಹೇಳುವಾಗ ಈ ವ್ಯತ್ಯಾಸ ಇನ್ನೂ ಚುರುಕಾಗುತ್ತದೆ. ಕಥೆಯ ಒಂದು ಪಾತ್ರವನ್ನು 'ಎ ಕಾಂಪ್ಲೆಕ್ಸ್ ಕ್ಯಾರೆಕ್ಟರ್' ಎಂದರೆ ಹೊಗಳಿದ ಹಾಗೆ. ಆ ಪಾತ್ರಕ್ಕೆ ಆಳ ಇದೆ, ಹಲವು ಮುಖ ಇದೆ ಎಂದರ್ಥ. ಗೊತ್ತಿರುವ ಒಬ್ಬರನ್ನು 'ಹೀ ಈಸ್ ಕಾಂಪ್ಲಿಕೇಟೆಡ್' ಎಂದರೆ, ಅವರ ಜೊತೆ ಏಗುವುದು ಸುಲಭವಲ್ಲ ಎಂಬ ಧ್ವನಿ ಬರುತ್ತದೆ. 'ಇಟ್ಸ್ ಕಾಂಪ್ಲಿಕೇಟೆಡ್' ಎಂದು ಯಾರಾದರೂ ಉತ್ತರ ಕೊಟ್ಟರೆ, ಅದು ವಿವರಣೆಯಲ್ಲ. 'ಇದರ ಬಗ್ಗೆ ಮುಂದೆ ಕೇಳಬೇಡಿ' ಎಂಬ ವಿನಂತಿ. ಅಲ್ಲಿ ನಿಲ್ಲಿಸಿ.

ಗಣಿತದ 'ಕಾಂಪ್ಲೆಕ್ಸ್ ನಂಬರ್' ಕೂಡ ಕಷ್ಟದ ಸಂಖ್ಯೆ ಎಂದಲ್ಲ. ವಾಸ್ತವ ಭಾಗ, ಕಾಲ್ಪನಿಕ ಭಾಗ ಎರಡೂ ಒಂದರಲ್ಲಿ ಕೂಡಿರುವ ಸಂಖ್ಯೆ. ಕನ್ನಡದಲ್ಲಿ ಸಂಕೀರ್ಣ ಸಂಖ್ಯೆ ಎಂದದ್ದು ಸರಿಯಾಗಿಯೇ ಇದೆ. ವ್ಯಾಕರಣದ 'ಕಾಂಪ್ಲೆಕ್ಸ್ ಸೆಂಟೆನ್ಸ್' ಕೂಡ ಹಾಗೆಯೇ. ಮುಖ್ಯ ವಾಕ್ಯದ ಜೊತೆ ಅದನ್ನು ಅವಲಂಬಿಸಿದ ಉಪವಾಕ್ಯ ಹೆಣೆದಿರುತ್ತದೆ, ಅಷ್ಟೇ.

ಇನ್ನು ಇಂಟ್ರಿಕೇಟ್. ಇದು ಕಣ್ಣಿಗೆ ಕಾಣುವ ಸೂಕ್ಷ್ಮಕ್ಕೆ ಹೇಳಿಮಾಡಿಸಿದ ಪದ. ಕೆತ್ತನೆ, ಕಸೂತಿ, ಲೇಸ್, ನಕ್ಷೆ, ನೃತ್ಯದ ಹೆಜ್ಜೆಗಳು. ಕನ್ನಡದ 'ಕುಸುರಿ' ನೆನಪಾದರೆ ಕೈ ಇಂಟ್ರಿಕೇಟ್ ಕಡೆಗೆ ಹೋಗಲಿ. ಎಲಾಬರೇಟ್ ಇದರ ತಂಗಿ. ಅದರೊಳಗೆ ಲೇಬರ್ ಇದೆ, ದುಡಿಮೆ ಇದೆ. ಬಹಳ ಶ್ರಮಪಟ್ಟು, ವಿವರಕ್ಕೆ ವಿವರ ಸೇರಿಸಿ ಮಾಡಿದ್ದು. ಎಲಾಬರೇಟ್ ಸಮಾರಂಭ ಇರುತ್ತದೆ, ಎಲಾಬರೇಟ್ ಮೋಸವೂ ಇರುತ್ತದೆ. ಎರಡೂ ಪದದ ಉಚ್ಚಾರಣೆಯಲ್ಲಿ ಒಂದು ಎಚ್ಚರ ಬೇಕು. ಗುಣವಾಚಕವಾಗಿ ಹೇಳುವಾಗ ಕೊನೆಯಲ್ಲಿ 'ಕೇಟ್', 'ರೇಟ್' ಎಂದು ಎಳೆಯುವುದಿಲ್ಲ. 'ಇಂಟ್ರಿಕಟ್', 'ಇಲ್ಯಾಬರಟ್' ಎಂದು ಮೊಟಕಾಗಿ ಮುಗಿಸುತ್ತಾರೆ. 'ವಿವರಿಸು' ಎಂಬ ಕ್ರಿಯಾಪದವಾದಾಗ ಮಾತ್ರ 'ಇಲ್ಯಾಬರೇಟ್'.

ಸೊಫಿಸ್ಟಿಕೇಟೆಡ್ ಎಂಬುದು ಮುಂದುವರಿದ, ಪಳಗಿದ ಎಂಬ ಹೊಗಳಿಕೆ. ಕೆಲವು ಶತಮಾನಗಳ ಹಿಂದೆ ಇದೇ ಪದಕ್ಕೆ ಕಲಬೆರಕೆ ಮಾಡಿದ್ದು ಎಂಬ ಅರ್ಥ ಇತ್ತು. ನ್ಯೂಆನ್ಸ್ಡ್ ಎಂದರೆ ಸಣ್ಣ ಸಣ್ಣ ಛಾಯೆಗಳನ್ನು ಬಿಡದೆ ಹಿಡಿದದ್ದು. ವಾದವನ್ನು, ಅಭಿನಯವನ್ನು ಮೆಚ್ಚುವಾಗ ಒದಗುತ್ತದೆ. ನಾಟಿ ಎಂದರೆ ಗಂಟುಗಂಟಾದ ಸಮಸ್ಯೆ. ಬರೆಯುವಾಗ ಮೊದಲು ಒಂದು ಕೆ ಇರುತ್ತದೆ, ಉಚ್ಚಾರಣೆಯಲ್ಲಿ ಇಲ್ಲ. ಥಾರ್ನಿ ಎಂದರೆ ಮುಟ್ಟಿದರೆ ಚುಚ್ಚುವ ವಿಷಯ. ಒಂದರಲ್ಲಿ ಬಿಡಿಸುವ ಕಷ್ಟ, ಇನ್ನೊಂದರಲ್ಲಿ ಮುಟ್ಟುವ ಭಯ.

ಒಂದು ಪದ ಮಾತ್ರ ನಿಂತು ಹೇಳಬೇಕು. 'ವಿಕೆಡ್ ಪ್ರಾಬ್ಲಂ'. ಇದನ್ನು ದುಷ್ಟ ಸಮಸ್ಯೆ ಎಂದು ಅನುವಾದಿಸಿದ ಬರಹ ನಾನು ತಿದ್ದಿದ್ದೇನೆ. ಹಾರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ ಎಂಬ ಇಬ್ಬರು ವಿದ್ವಾಂಸರು 1973ರ ಲೇಖನದಲ್ಲಿ ಇದಕ್ಕೆ ಖಚಿತವಾದ ಅರ್ಥ ಕೊಟ್ಟು, ಹತ್ತು ಲಕ್ಷಣಗಳನ್ನು ಪಟ್ಟಿ ಮಾಡಿದರು. ಸಮಸ್ಯೆ ಏನು ಎಂದು ವಿವರಿಸುವುದೇ ಒಂದು ಸಮಸ್ಯೆ, 'ಇಲ್ಲಿಗೆ ಮುಗಿಯಿತು' ಎನ್ನುವ ಜಾಗವೇ ಇಲ್ಲ, ಪ್ರಯೋಗ ಮಾಡಿ ನೋಡಲು ಎರಡನೇ ಅವಕಾಶ ಇಲ್ಲ. ಬಡತನ, ನಗರ ಯೋಜನೆ ಇಂಥವು. ಕನ್ನಡದಲ್ಲಿ ಇದಕ್ಕೆ ನಾನು 'ಕಗ್ಗಂಟು' ಎಂದೇ ಬರೆಯುತ್ತೇನೆ.

ತಪ್ಪು ಹೇಳಿದವರದ್ದಾದಾಗ

ವಿಷಯ ಸರಳವಾಗಿಯೇ ಇದೆ, ಬರೆದವರು ಕೆಡಿಸಿದ್ದಾರೆ. ನನ್ನ ಮೇಜಿಗೆ ಬರುವ ಕಾಗದಗಳಲ್ಲಿ ಇದೇ ಜಾಸ್ತಿ. ಕಾನ್ವಲೂಟೆಡ್‌ಗೆ ಸರಿಯಾದ ಜಾಗ ಇದು. ಸುರುಳಿ ಸುತ್ತಿದ ವಾಕ್ಯ, ಸುತ್ತಿ ಬಳಸಿ ಹೇಳಿದ ಕಾರಣ, ಎಳೆ ಸಿಗದ ಕಥೆ. ಟಾರ್ಚುಅಸ್ ಎಂದರೂ ಹೆಚ್ಚುಕಡಿಮೆ ಇದೇ, ತಿರುವು ತಿರುವಾದದ್ದು. ಟಾರ್ಚರಸ್ ಎಂಬ ಇನ್ನೊಂದು ಪದ ಇದೆ, ಅದು ಹಿಂಸೆ ಕೊಡುವಂಥದ್ದು. ಎರಡರ ಬೇರೂ 'ತಿರುಚು' ಎಂಬ ಒಂದೇ ಲ್ಯಾಟಿನ್ ಪದ. ಬರೆಯುವಾಗ ಆರ್ ಅಕ್ಷರ ಒಂದು ಹೆಚ್ಚಾದರೆ ರಸ್ತೆ ಹೋಗಿ ಹಿಂಸೆಯಾಗುತ್ತದೆ.

ಡೆನ್ಸ್ ಎಂಬುದು ಒತ್ತೊತ್ತಾಗಿ ತುಂಬಿದ ಬರಹಕ್ಕೆ. ಅದರಲ್ಲಿ ತಪ್ಪಿಲ್ಲ, ಆದರೆ ಉಸಿರಾಡಲು ಜಾಗ ಇಲ್ಲ. ಪುಸ್ತಕ ಡೆನ್ಸ್ ಎನ್ನಬಹುದು. ಮನುಷ್ಯರನ್ನು ಮಾತ್ರ ಹಾಗನ್ನಬೇಡಿ, ಅವರಿಗೆ ಬುದ್ಧಿ ಮಂದ ಎಂದಾಗುತ್ತದೆ.

ಈಗ ನನ್ನ ವೃತ್ತಿಯಲ್ಲಿ ಅತಿ ಮುಖ್ಯವಾದ ಜೋಡಿಗೆ ಬರುತ್ತೇನೆ. ಆಂಬಿಗ್ಯುಅಸ್ ಮತ್ತು ವೇಗ್. ಎರಡನ್ನೂ 'ಅಸ್ಪಷ್ಟ' ಎಂದು ಓದಿ ಮುಂದೆ ಹೋಗುತ್ತೇವೆ. ಅವು ಎರಡು ಬೇರೆ ಕಾಯಿಲೆಗಳು, ಔಷಧಿಯೂ ಬೇರೆ.

ಆಂಬಿಗ್ಯುಅಸ್ ಎಂದರೆ ಒಂದೇ ಮಾತಿಗೆ ಎರಡು ಅರ್ಥ, ಎರಡೂ ಸ್ಪಷ್ಟ. ಒಂದು ಆಸ್ಪತ್ರೆಯ ಪತ್ರದಲ್ಲಿ ಈ ಸಾಲು ಇತ್ತು: 'ದಿ ಪೇಶೆಂಟ್ ಮಸ್ಟ್ ಇನ್‌ಫಾರ್ಮ್ ದಿ ಡಾಕ್ಟರ್ ಬಿಫೋರ್ ಹೀ ಲೀವ್ಸ್.' ಹೊರಡುವುದು ಯಾರು? ರೋಗಿಯಾ, ವೈದ್ಯರಾ? ಇಂಗ್ಲಿಷಿನ 'ಹೀ' ಇಬ್ಬರಿಗೂ ಸಲ್ಲುತ್ತದೆ. ಕನ್ನಡದಲ್ಲಿ 'ಹೊರಡುವ ಮೊದಲು' ಎಂದು ಬರೆದರೆ ರೋಗಿ ಎಂದೇ ಓದಿಸಿಕೊಳ್ಳುತ್ತದೆ. 'ವೈದ್ಯರು ಹೊರಡುವ ಮೊದಲು' ಎಂದರೆ ಮಾತೇ ಬೇರೆ. ನಾನು ಊಹೆ ಮಾಡಿ ಒಂದನ್ನು ಆರಿಸಿಕೊಳ್ಳುವ ಹಾಗಿಲ್ಲ, ಅದು ರೋಗಿಯ ಆರೋಗ್ಯದ ವಿಷಯ.

ವೇಗ್ ಎಂದರೆ ಅರ್ಥಕ್ಕೆ ಅಂಚೇ ಇಲ್ಲದಿರುವುದು. 'ವಿತಿನ್ ಎ ರೀಸನಬಲ್ ಟೈಮ್' ಎಂದು ವಿಮೆಯ ಪತ್ರದಲ್ಲಿ ಬರುತ್ತದೆ. ಮೂರು ದಿನವಾ, ಮೂರು ತಿಂಗಳಾ? ಇಲ್ಲಿ ಎರಡು ಅರ್ಥ ಇಲ್ಲ. ಇರುವ ಒಂದು ಅರ್ಥವೇ ಮಂಜಿನಂತೆ ಹರಡಿದೆ. ಲ್ಯಾಟಿನ್ನಿನಲ್ಲಿ ವೇಗುಸ್ ಎಂದರೆ ಅಲೆದಾಡುವವನು. ಪದಕ್ಕೆ ಮನೆ ಇಲ್ಲ.

ಮೊದಲೆಲ್ಲ ಇಂಥ ಸಾಲು ಸಿಕ್ಕಿದಾಗ ಕಳಿಸಿದವರಿಗೆ 'ದಿಸ್ ಈಸ್ ನಾಟ್ ಕ್ಲಿಯರ್' ಎಂದು ಬರೆಯುತ್ತಿದ್ದೆ. 'ಮೂಲದಲ್ಲಿ ಇರುವ ಹಾಗೆ ಮಾಡಿ' ಎಂದು ಉತ್ತರ ಬರುತ್ತಿತ್ತು. ಅವರಿಗೆ ಅದು ಸ್ಪಷ್ಟವಾಗಿಯೇ ಕಾಣುತ್ತಿತ್ತು, ಪಾಪ. ಈಗ 'ದಿಸ್ ಸೆಂಟೆನ್ಸ್ ಈಸ್ ಆಂಬಿಗ್ಯುಅಸ್' ಎಂದು ಬರೆದು, ಕೆಳಗೆ ಎರಡು ಅರ್ಥವನ್ನೂ ಒಂದೊಂದು ಸಾಲಿನಲ್ಲಿ ಕೊಡುತ್ತೇನೆ. 'ದಿಸ್ ಈಸ್ ವೇಗ್' ಎಂದಾದರೆ, 'ಹೌ ಮೆನಿ ಡೇಸ್?' ಎಂದು ಜೊತೆಗೇ ಕೇಳುತ್ತೇನೆ. ಸಾಮಾನ್ಯವಾಗಿ ಅದೇ ದಿನ ಉತ್ತರ ಬರುತ್ತದೆ. ಕಾಯಿಲೆಯ ಹೆಸರು ಸರಿಯಾಗಿ ಹೇಳಿದಾಗ ಎದುರಿನವರಿಗೆ ಏನು ಮಾಡಬೇಕು ಎಂದು ತಿಳಿಯುತ್ತದೆ.

'ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ' ಎಂಬ ನಮ್ಮ ಮಾತಿಗೆ ಆಂಬಿಗ್ಯುಅಸ್ ಸರಿಹೊಂದುತ್ತದಾ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಪೂರ್ತಿ ಹೊಂದುವುದಿಲ್ಲ. ಆಂಬಿಗ್ಯುಅಸ್ ಗೊತ್ತಿಲ್ಲದೆಯೂ ಆಗಬಹುದು. ದೀಪವನ್ನು ಅಡ್ಡಗೋಡೆ ಮೇಲೆ ಇಡುವವರು ಗೊತ್ತಿದ್ದೇ ಇಡುತ್ತಾರೆ, ಎರಡೂ ಕಡೆಗೆ ಬೇಕಾದವರಾಗಿ ಇರಲು. ಅದಕ್ಕೆ ಇಕ್ವಿವಕಲ್ ಎಂಬ ಪದ ಹತ್ತಿರ.

ಪರಿಭಾಷೆಯ ಭಾರದಿಂದ ಅರ್ಥವಾಗದ ಮಾತಿಗೆ ಜಾರ್ಗನ್ ಎನ್ನುತ್ತಾರೆ. ಹಳೆಯ ಫ್ರೆಂಚಿನಲ್ಲಿ ಇದು ಹಕ್ಕಿಗಳ ಚಿಲಿಪಿಲಿ. ಕೇಳುತ್ತದೆ, ತಿಳಿಯುವುದಿಲ್ಲ. ಇನ್ನೊಂದು ಪದ ಗಾಬಲ್ಡಿಗುಕ್. ಅದೂ ಹಕ್ಕಿಯದ್ದೇ. ಅಮೆರಿಕದ ಟೆಕ್ಸಸ್‌ನ ಮಾಜಿ ಸಂಸದ ಮೋರಿ ಮ್ಯಾವರಿಕ್ 1944ರಲ್ಲಿ, ತಮ್ಮ ಕೈಕೆಳಗಿನವರು ಬರೆಯುವ ಉಬ್ಬಿದ ಕಚೇರಿ ಭಾಷೆಯಿಂದ ಬೇಸತ್ತು ಆ ಪದ ಹುಟ್ಟಿಸಿದರು. ಟರ್ಕಿ ಕೋಳಿ ಎದೆಯುಬ್ಬಿಸಿ ಕೂಗುವ ಸದ್ದು ಅವರ ಮನಸ್ಸಿನಲ್ಲಿತ್ತು. ಇವರ ಅಜ್ಜ ಸ್ಯಾಮ್ಯುಯಲ್ ಮ್ಯಾವರಿಕ್ ತಮ್ಮ ದನಗಳಿಗೆ ಗುರುತಿನ ಬರೆ ಹಾಕಿಸುತ್ತಿರಲಿಲ್ಲ. ಗುಂಪಿಗೆ ಸೇರದೆ ತನ್ನ ದಾರಿ ಹಿಡಿದವರಿಗೆ 'ಮ್ಯಾವರಿಕ್' ಎಂಬ ಹೆಸರು ಬಂದದ್ದು ಅದರಿಂದ. ಒಂದೇ ಮನೆಯಿಂದ ಇಂಗ್ಲಿಷಿಗೆ ಎರಡು ಪದ!

ಎರಡರ ನಡುವೆ ವ್ಯತ್ಯಾಸ ಇದೆ. ಜಾರ್ಗನ್ ಅದರೊಳಗಿನವರಿಗೆ ಉಪಯೋಗಕ್ಕೆ ಬರುತ್ತದೆ. ಇಬ್ಬರು ವೈದ್ಯರ ನಡುವೆ ಅದು ಸಮಯ ಉಳಿಸುತ್ತದೆ. ಗಾಬಲ್ಡಿಗುಕ್ ಯಾರಿಗೂ ಉಪಯೋಗಕ್ಕಿಲ್ಲ. ಬ್ರಿಟನ್ನಿನಲ್ಲಿ 1979ರಲ್ಲಿ ಶುರುವಾದ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಹೋರಾಡಿದ್ದು ಇಂಥ ಭಾಷೆಯ ವಿರುದ್ಧ. ಅಮೆರಿಕದಲ್ಲಿ 2010ರಲ್ಲಿ ಇದಕ್ಕಾಗಿ ಕಾನೂನೇ ಬಂತು, ಸರ್ಕಾರಿ ಬರಹ ಜನರಿಗೆ ಅರ್ಥವಾಗುವಂತಿರಬೇಕು ಎಂದು. ಅರ್ಜಿ ತುಂಬಲಾಗದೆ ಒಬ್ಬರಿಗೆ ಸಿಗಬೇಕಾದ ನೆರವು ತಪ್ಪಿದರೆ ಅದು ಭಾಷೆಯ ವಿಷಯ ಮಾತ್ರ ಅಲ್ಲ. ಇದನ್ನು ನಾನು ಬಲವಾಗಿ ನಂಬುತ್ತೇನೆ.

ಕಚೇರಿಯ ನಿಯಮಗಳ ಜಾಲಕ್ಕೆ ಇನ್ನೂ ಎರಡು ಪದ. ಬಿಜಂಟೈನ್, ಲ್ಯಾಬಿರಿಂಥೈನ್. ಮೊದಲನೆಯದು ಬೈಜಾಂಟಿಯಂ ಎಂಬ ಊರಿನ ಹೆಸರಿನಿಂದ, ಅಂದರೆ ಈಗಿನ ಇಸ್ತಾನ್‌ಬುಲ್. ಎರಡನೆಯದು ಗ್ರೀಕ್ ಪುರಾಣದ ಕ್ರೀಟ್ ದ್ವೀಪದ ಜಟಿಲ ಕಟ್ಟಡದಿಂದ. ಅದರೊಳಗೆ ಹೊಕ್ಕ ಥೀಸಿಯಸ್ ದಾರಿ ತಪ್ಪದಿರಲೆಂದು ಅರಿಯಾಡ್ನೆ ಅವನ ಕೈಗೆ ದಾರದ ಉಂಡೆ ಕೊಟ್ಟಳು. ಹಳೆಯ ಇಂಗ್ಲಿಷಿನಲ್ಲಿ ದಾರದ ಉಂಡೆಗೆ 'ಕ್ಲೂ' ಎನ್ನುತ್ತಿದ್ದರು. ಇವತ್ತು ನಾವು ಸುಳಿವು ಎಂಬ ಅರ್ಥದಲ್ಲಿ ಬಳಸುವ ಕ್ಲೂ ಅದೇ. ನಮ್ಮ ಚಕ್ರವ್ಯೂಹಕ್ಕೆ ಹತ್ತಿರ ಅನ್ನಿಸುವುದು ಸಹಜ. ಆದರೆ ಅಲ್ಲಿ ಸುತ್ತಲೂ ಶತ್ರುಗಳಿದ್ದಾರೆ, ಇಲ್ಲಿ ದಾರಿಯೇ ಶತ್ರು.

ಮುಚ್ಚಿಟ್ಟದ್ದು, ಮರೆಯಲ್ಲಿರುವುದು

ಕೆಲವು ಸಂಗತಿ ಕಷ್ಟವಾಗಿರುವುದಿಲ್ಲ, ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೇ. ಅಬ್‌ಸ್ಕ್ಯೂರ್ ಎಂದರೆ ಕತ್ತಲಲ್ಲಿರುವುದು, ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು. ಎಸೊಟೆರಿಕ್ ಎಂದರೆ ಒಳಗಿನ ಬಳಗಕ್ಕೆ ಮಾತ್ರ ತಿಳಿದದ್ದು. ಆರ್ಕೇನ್ ಎಂದರೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂಥದ್ದು, ಹಳೆಯ ವಿಧಿ ನಿಯಮಗಳಿಗೆ ಜಾಸ್ತಿ ಬಳಕೆ. ಕ್ರಿಪ್ಟಿಕ್ ಎಂದರೆ ಬೇಕೆಂದೇ ಚಿಕ್ಕದಾಗಿ, ಒಗಟಿನ ಹಾಗೆ ಹೇಳಿದ್ದು. 'ನಾಳೆ ಗೊತ್ತಾಗುತ್ತೆ' ಎಂದಷ್ಟೇ ಸಂದೇಶ ಬಂದರೆ ಅದು ಕ್ರಿಪ್ಟಿಕ್. ಒಪೇಕ್ ಎಂದರೆ ಬೆಳಕು ತೂರದ ಗಾಜು. ಆಯ್ಕೆ ಹೇಗೆ ನಡೆಯಿತು, ಬೆಲೆ ಹೇಗೆ ನಿಗದಿಯಾಯಿತು ಎಂದು ಹೊರಗಿನವರಿಗೆ ಕಾಣದಿದ್ದರೆ ಆ ಪ್ರಕ್ರಿಯೆ ಒಪೇಕ್. ಅದರ ವಿರುದ್ಧ ಪದ ಟ್ರಾನ್ಸ್‌ಪರೆಂಟ್ ಎಂದು ನೆನಪಿಟ್ಟರೆ ಮರೆಯುವುದಿಲ್ಲ.

ಅಬ್‌ಸ್ಟ್ರೂಸ್, ರೆಕಂಡೈಟ್ ಎಂಬ ಎರಡು ಪದ ಎಲ್ಲ ಪಟ್ಟಿಗಳಲ್ಲೂ ಇರುತ್ತವೆ. ಗಹನ ಎಂದರ್ಥ. ಓದುವಾಗ ಗುರುತು ಸಿಕ್ಕರೆ ಸಾಕು. 19 ವರ್ಷಗಳಲ್ಲಿ ನಾನು ಅವನ್ನು ಬಳಸಿಲ್ಲ. ಅಬ್‌ಸ್ಟ್ರೂಸ್ ಜೊತೆ ಅಬ್‌ಟ್ಯೂಸ್ ಬೆರೆಯದಿರಲಿ. ಅಬ್‌ಟ್ಯೂಸ್ ಎಂದರೆ ಮೊಂಡು. 90 ಡಿಗ್ರಿಗಿಂತ ದೊಡ್ಡ ಕೋನಕ್ಕೂ, ಹೇಳಿದರೂ ತಿಳಿದುಕೊಳ್ಳದ ಮನುಷ್ಯರಿಗೂ ಅದೇ ಪದ.

ಒಗಟಿನ ಗುಂಪಿನಲ್ಲಿ ರಿಡಲ್, ಮಿಸ್ಟರಿ, ಎನಿಗ್ಮಾ ಮೂರೂ ಇವೆ. 1939ರ ಅಕ್ಟೋಬರ್ 1ರ ರೇಡಿಯೋ ಭಾಷಣದಲ್ಲಿ ಚರ್ಚಿಲ್ ರಷ್ಯಾ ಏನು ಮಾಡೀತು ಎಂದು ಹೇಳಲಾರೆ ಎನ್ನುತ್ತಾ, ಅದು ಎನಿಗ್ಮಾದ ಒಳಗೆ ಇಟ್ಟ, ಮಿಸ್ಟರಿಯಲ್ಲಿ ಸುತ್ತಿದ ರಿಡಲ್ ಎಂದರು. ಮೂರನ್ನೂ ಬೇರೆ ಮಾಡಿ ನೆನಪಿಡಲು ನನಗೆ ಆ ಸಾಲು ಸಹಾಯ ಮಾಡಿತು. ರಿಡಲ್‌ಗೆ ಉತ್ತರ ಇದ್ದೇ ಇರುತ್ತದೆ, ಯಾರೋ ಕೇಳಿದ ಒಗಟು ಅದು. ಮಿಸ್ಟರಿಗೆ ಉತ್ತರ ಇದೆಯೋ ಇಲ್ಲವೋ. ಎನಿಗ್ಮಾ ಹೆಚ್ಚಾಗಿ ವ್ಯಕ್ತಿಗಳ ಮೇಲೆ ಕೂರುತ್ತದೆ, ಎಷ್ಟು ನೋಡಿದರೂ ಒಳಗು ತಿಳಿಯದವರ ಮೇಲೆ.

'ಆಗದ' ಎಂಬ ಪದಗಳು

ಇಲ್ಲಿ ತಪ್ಪುಗಳು ಬಹಳ. ಒಂದೊಂದಕ್ಕೂ ಒಂದೊಂದು ಜಾಗ ಗುರುತು ಮಾಡಿಕೊಳ್ಳಿ. ಅಕ್ಷರವೇ ಓದಲಾಗದಿದ್ದರೆ ಇಲ್ಲೆಜಿಬಲ್. ಅವಸರದ ಕೈಬರಹ, ಅಳಿಸಿಹೋದ ಚೀಟಿ. ಅಕ್ಷರ ಚೆನ್ನಾಗಿದೆ, ಆದರೆ ಬರಹ ಎಷ್ಟು ಕೆಟ್ಟದಾಗಿದೆಯೆಂದರೆ ಓದಿಸಿಕೊಳ್ಳುವುದಿಲ್ಲ ಎಂದರೆ ಅನ್‌ರೀಡಬಲ್. ಧ್ವನಿವರ್ಧಕದಲ್ಲಿ ಗೊರಗೊರ ಎಂದು ಕೇಳಿ ಮಾತು ತಿಳಿಯದಿದ್ದರೆ ಅನ್‌ಇಂಟೆಲಿಜಿಬಲ್. ಓದಿದೆ, ಕೇಳಿದೆ, ಅರ್ಥ ಮಾತ್ರ ಕೈಗೆ ಹತ್ತಲಿಲ್ಲ ಎಂದರೆ ಇನ್‌ಕಾಂಪ್ರಿಹೆನ್ಸಿಬಲ್. ಏಕಾಯಿತು ಎಂಬ ಕಾರಣ ತಿಳಿಯದಿದ್ದರೆ ಇನ್‌ಎಕ್ಸ್‌ಪ್ಲಿಕಬಲ್. ಮುಖ ನೋಡಿ ಮನಸ್ಸು ತಿಳಿಯದಿದ್ದರೆ ಇನ್‌ಸ್ಕ್ರೂಟಬಲ್.

ಲಿಪಿಯನ್ನೇ ಬಿಡಿಸಲಾಗದಿದ್ದರೆ ಇನ್‌ಡಿಸೈಫರಬಲ್. ಇದರಲ್ಲೂ ಒಂದು ಸೂಕ್ಷ್ಮ ಇದೆ. ಲೀನಿಯರ್ ಬಿ ಎಂಬ ಪುರಾತನ ಲಿಪಿಯನ್ನು ಮೈಕೆಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದರು. ಲೀನಿಯರ್ ಎ ಇನ್ನೂ ಹಾಗೇ ಇದೆ. ಅದನ್ನು ಅನ್‌ಡಿಸೈಫರ್ಡ್ ಎನ್ನಬೇಕು, ಇನ್ನೂ ಬಿಡಿಸಿಲ್ಲ ಎಂದು. ಬಿಡಿಸಲು ಆಗುವುದೇ ಇಲ್ಲ ಎಂದು ಹೇಳಲು ನಾವ್ಯಾರು? ಈ ಪದಗಳ ಒಳಗಿರುವ ಸೈಫರ್ ಅರಬಿಯ ಸಿಫ್ರ್‌ನಿಂದ ಬಂದದ್ದು, ಸಿಫ್ರ್ ಎಂಬುದು ನಮ್ಮ ಶೂನ್ಯದ ಅರಬಿ ಅನುವಾದ. ಒಬ್ಬ ಅನುವಾದಕಿಗೆ ಇದಕ್ಕಿಂತ ಇಷ್ಟವಾಗುವ ವಿಷಯ ಇನ್ನೇನಿದೆ?

ತೊಡಕು ನನ್ನಲ್ಲಿದ್ದಾಗ

ಗೊಂದಲದಲ್ಲಿದ್ದಾಗ 'ಐ ಆಮ್ ಕನ್‌ಫ್ಯೂಸಿಂಗ್' ಎಂದು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ. ಅದರ ಅರ್ಥ, ನಾನು ಬೇರೆಯವರಿಗೆ ಗೊಂದಲ ಮಾಡುತ್ತಿದ್ದೇನೆ ಎಂದು. ಗೊಂದಲ ಕೊಡುವುದಕ್ಕೆ 'ಇಂಗ್', ಗೊಂದಲಪಡುವವರಿಗೆ 'ಎಡ್'. ಪ್ರಶ್ನೆ ಕನ್‌ಫ್ಯೂಸಿಂಗ್, ನಾನು ಕನ್‌ಫ್ಯೂಸ್ಡ್. ಪಜ್ಲಿಂಗ್, ಪರ್‌ಪ್ಲೆಕ್ಸಿಂಗ್, ಬ್ಯಾಫ್ಲಿಂಗ್, ಬಿವಿಲ್ಡರಿಂಗ್ ಎಲ್ಲಕ್ಕೂ ಇದೇ ನಿಯಮ. ಪಜಲ್‌ನಲ್ಲಿ ಯೋಚನೆ ಇನ್ನೂ ಓಡುತ್ತಿದೆ. ಬ್ಯಾಫಲ್‌ನಲ್ಲಿ ಯೋಚನೆಗೆ ದಾರಿಯೇ ಸಿಗುತ್ತಿಲ್ಲ. ಬಿವಿಲ್ಡರ್‌ನಲ್ಲಿ ಕಾಡಿನಲ್ಲಿ ದಿಕ್ಕು ತಪ್ಪಿದ ಸ್ಥಿತಿ. ಕಾಂಪ್ಲಿಕೇಟೆಡ್ ಮಾತ್ರ 'ಎಡ್' ಇದ್ದರೂ ವಸ್ತುವಿಗೇ ಸಲ್ಲುತ್ತದೆ. 'ಐ ಆಮ್ ಕಾಂಪ್ಲಿಕೇಟೆಡ್' ಎಂದರೆ ನನಗೆ ಅರ್ಥವಾಗಿಲ್ಲ ಎಂದಾಗುವುದಿಲ್ಲ.

ನುಡಿಗಟ್ಟುಗಳು ಕನ್ನಡಿಗರಿಗೆ ಸುಲಭ, ಜೋಡಿಗಳು ಮನೆಯಲ್ಲೇ ಇವೆ. ತಲೆಬುಡ ತಿಳಿಯಲಿಲ್ಲ ಎಂಬುದಕ್ಕೆ 'ಐ ಕಾಂಟ್ ಮೇಕ್ ಹೆಡ್ ಆರ್ ಟೇಲ್ ಆಫ್ ಇಟ್'. ಬುಡದ ಬದಲು ಬಾಲ ಬಂತು. 'ಅದೇನು ಬ್ರಹ್ಮವಿದ್ಯೆನಾ' ಎಂಬುದಕ್ಕೆ 'ಇಟ್ಸ್ ನಾಟ್ ರಾಕೆಟ್ ಸೈನ್ಸ್'. ತಲೆ ಮೇಲಿಂದ ಹೋಯಿತು ಎಂಬುದಕ್ಕೆ 'ಇಟ್ ವೆಂಟ್ ಓವರ್ ಮೈ ಹೆಡ್'. ಕಬ್ಬಿಣದ ಕಡಲೆಗೆ 'ಎ ಟಫ್ ನಟ್ ಟು ಕ್ರ್ಯಾಕ್'. ನಾವು ಅಗಿಯಲು ನೋಡುತ್ತೇವೆ, ಅವರು ಒಡೆಯಲು ನೋಡುತ್ತಾರೆ.

ಎದುರಿಗೆ ಕೂತವರಿಗೆ ಹೇಳುವಾಗ ತೊಡಕನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದು ಒಳ್ಳೆಯದು. 'ಯುವರ್ ಎಕ್ಸ್‌ಪ್ಲನೇಶನ್ ಈಸ್ ಕನ್‌ಫ್ಯೂಸಿಂಗ್' ಎಂದರೆ ಮುಖಕ್ಕೆ ಹೊಡೆದ ಹಾಗೆ. 'ಐ ಆಮ್ ಹ್ಯಾವಿಂಗ್ ಟ್ರಬಲ್ ಫಾಲೋಯಿಂಗ್ ದಿಸ್ ಪಾರ್ಟ್' ಎಂದರೆ ಅವರು ಖುಷಿಯಿಂದ ಮತ್ತೊಮ್ಮೆ ಹೇಳುತ್ತಾರೆ. 'ದಿಸ್ ಪಾರ್ಟ್' ಎನ್ನುವುದನ್ನು ಬಿಡಬೇಡಿ. ಯಾವ ಭಾಗ ಎಂದು ಬೆರಳಿಟ್ಟು ತೋರಿಸಿದರೆ ಮಾತ್ರ ಅವರು ಅಲ್ಲಿಂದ ಶುರು ಮಾಡಲು ಆಗುತ್ತದೆ.

ಯಾವ ಪದವೂ ಖಚಿತವಾಗದಿದ್ದರೆ 'ಹಾರ್ಡ್ ಟು ಫಾಲೋ' ಎಂದು ಬರೆಯಿರಿ. ಅದು ಯಾರನ್ನೂ ನೋಯಿಸುವುದಿಲ್ಲ, ತಪ್ಪೂ ಆಗುವುದಿಲ್ಲ. ಗೊತ್ತಿಲ್ಲದ ದೊಡ್ಡ ಪದಕ್ಕಿಂತ ಗೊತ್ತಿರುವ ಮೂರು ಸಣ್ಣ ಪದ ಮೇಲು.

ಅಭ್ಯಾಸಕ್ಕೆ ನಾನು ಹೊಸಬರಿಗೆ ಕೊಡುವುದು ಒಂದು ಕೆಲಸ. ಯಾವುದಾದರೂ ಒಂದು ಯಂತ್ರ, ಅದರ ಕೈಪಿಡಿ ಎರಡನ್ನೂ ಮುಂದೆ ಇಟ್ಟುಕೊಳ್ಳಿ. ಪ್ರತಿ ತೊಡಕಿಗೂ ಅದರದ್ದೇ ಪದ ಹಾಕಿ ವಾಕ್ಯ ಮಾಡಿ. ಕಳೆದ ತಿಂಗಳು ಒಂದು ಬಟ್ಟೆ ಒಗೆಯುವ ಯಂತ್ರದ ಕೈಪಿಡಿ ಮಾಡುವಾಗ ನಾನು ಬರೆದದ್ದು ಹೀಗಿತ್ತು. ದಿ ಮೆಶಿನ್ ಈಸ್ ಕಾಂಪ್ಲಿಕೇಟೆಡ್, ಬಟನ್ನುಗಳೇ ಹದಿನಾಲ್ಕು. ದಿ ಮ್ಯಾನ್ಯುಯಲ್ ಈಸ್ ಕಾನ್ವಲೂಟೆಡ್, ಎರಡನೇ ಪುಟ ಒಂಬತ್ತಕ್ಕೆ ಕಳಿಸುತ್ತದೆ, ಒಂಬತ್ತನೆಯದು ಮತ್ತೆ ಎರಡಕ್ಕೆ. ಸ್ಟೆಪ್ ಸೆವೆನ್ ಈಸ್ ಆಂಬಿಗ್ಯುಅಸ್, 'ಅದನ್ನು ಮುಚ್ಚಿ' ಎಂದರೆ ಬಾಗಿಲೋ ನಲ್ಲಿಯೋ? ದಿ ವಾರ್ನಿಂಗ್ ಈಸ್ ವೇಗ್, 'ಜಾಸ್ತಿ ತುಂಬಬೇಡಿ' ಎಂದಿದೆ, ಎಷ್ಟು ಕಿಲೋ ಎಂದಿಲ್ಲ. ದಿ ಎರರ್ ಕೋಡ್ಸ್ ಆರ್ ಕ್ರಿಪ್ಟಿಕ್. ದಿ ಲೇಬಲ್ ಅಟ್ ದಿ ಬ್ಯಾಕ್ ಈಸ್ ಇಲ್ಲೆಜಿಬಲ್. ಈ ಆರು ಸಾಲನ್ನೇ ತಯಾರಕರಿಗೆ ಕಳಿಸಿದೆ. ಏಳನೇ ಹಂತದಲ್ಲಿ ಈಗ 'ನಲ್ಲಿ' ಎಂದಿದೆ, ಎಚ್ಚರಿಕೆಯಲ್ಲಿ '6 ಕಿಲೋ' ಎಂದಿದೆ.